ಪಾರ್ಥೆನಾನ್ ಮತ್ತು ಹಳೇಬೀಡು: ಫರ್ಗುಸನ್ನರ ಮತದ ಪರಿಶೀಲನೆ

೧

ಎರಡು ವಸ್ತುಗಳನ್ನು ಹೋಲಿಸುವುದಕ್ಕೆ ಉಪಮಾನ, ಉಪಮೇಯಗಳು ಮಾತ್ರವೇ ಸಾಲವು, ಸಾಧಾರಣಧರ್ಮವೂ ಬೇಕು. ಅದು ಮೊದಲೇ ನಿಶ್ಚಿತವಾಗದಿದ್ದಲ್ಲಿ ಹೋಲಿಸುವವನು ತನ್ನ ಅಭಿರುಚಿಯನ್ನೇ ಪ್ರಮಾಣವೆಂದು ಭ್ರಮಿಸುವ ಸಂಭವವುಂಟು. ಕಾವ್ಯದಲ್ಲಿ ಈ ದೋಷವು ಬೇಗನೆ ಬಯಲಾಗುತ್ತದೆ, ಶಿಲ್ಪದಲ್ಲಿ ಹಾಗಲ್ಲ. ಕಲ್ಲು ಎದುರು ಮಾತನಾಡುವುದಿಲ್ಲವಾದುದರಿಂದ ಅದರ ಮೇಲೆ ಹೊರಿಸಿದ ಮಾತು ತಲೆಮಾರುಗಳವರೆಗೆ ಉಳಿಯುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ವಿಷಯದಲ್ಲಿ ಅಂಥ ಮಾತೊಂದು ಹುಟ್ಟಿದುದು ೧೮೭೬ರಲ್ಲಿ. ನೀಲಿಯ ವ್ಯಾಪಾರಕ್ಕಾಗಿ ಭಾರತಕ್ಕೆ ಬಂದು, ಬಳಿಕ ದೇಶವನ್ನು ಸುತ್ತಿ ಕಟ್ಟಡಗಳ ನಕ್ಷೆಗಳನ್ನು ಬರೆದುಕೊಂಡ ಜೇಮ್ಸ್ ಫರ್ಗುಸನ್ನರು (೧೮೦೮–೧೮೮೬), ಭಾರತೀಯ ಮತ್ತು ಪೌರಸ್ತ್ಯ ವಾಸ್ತುಶಿಲ್ಪದ ಇತಿಹಾಸವನ್ನು ಕುರಿತ ತಮ್ಮ ಮಹಾಗ್ರಂಥದಲ್ಲಿ ಈ ದೇವಾಲಯವನ್ನು ಅಥೆನ್ಸ್ ನಗರದ ಪಾರ್ಥೆನಾನಿನ ಎದುರಿಗೆ ನಿಲ್ಲಿಸಿದರು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆದಕಾರಣ ಈ ಹೋಲಿಕೆಯ ಯುಕ್ತಾಯುಕ್ತತೆಯನ್ನು ವಿಚಾರಿಸುವುದು ಈಗ ಅವಶ್ಯಕವಾಗಿದೆ.

೨

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನಿರೂಪಿಸಬೇಕು. ಫರ್ಗುಸನ್ನರ ಮತದಲ್ಲಿ ಈ ಎರಡು ಕಟ್ಟಡಗಳು ವಾಸ್ತುಕಲೆಯ ಎರಡು ಧ್ರುವಗಳು. ಪಾರ್ಥೆನಾನಿನಲ್ಲಿ ಕಂಬಗಳೆಲ್ಲವೂ ಏಕರೂಪ. ಹಳೇಬೀಡಿನಲ್ಲಿ ಗೋಡೆಯ ಒಂದು ಮುಖವು ಮತ್ತೊಂದರಂತಿಲ್ಲ, ಒಂದು ಬಳ್ಳಿಯ ಸುರುಳಿಯು ಮತ್ತೊಂದರಂತಿಲ್ಲ. ಅಲ್ಲಿ ಪರಿಷ್ಕೃತವಾದ ಬುದ್ಧಿ. ಇಲ್ಲಿ ಶ್ರದ್ಧೆ ಮತ್ತು ಭಾವಗಳ ಉಕ್ಕು. ಎರಡೂ ತಮ್ಮ ತಮ್ಮ ಜಾತಿಯಲ್ಲಿ ಶ್ರೇಷ್ಠವೆಂದೇ ಅವರು ಒಪ್ಪುತ್ತಾರೆ.

ಈ ಮಾತನ್ನಾಡಿದವರ ಉಪಕಾರವನ್ನು ಮರೆಯಲಾಗದು. ಕನ್ನಡನಾಡಿನ ಒಂದು ಗುಡಿಯನ್ನು ಲೋಕದ ಶ್ರೇಷ್ಠ ಭವನಗಳ ಪಂಕ್ತಿಯಲ್ಲಿ ಕುಳ್ಳಿರಿಸುವುದಕ್ಕೆ ಆ ಕಾಲದಲ್ಲಿ ಧೈರ್ಯವೂ ಸಹೃದಯತೆಯೂ ಬೇಕಾಗಿದ್ದುವು. ಭಾರತೀಯ ಕಲೆಯ ಚರಿತ್ರೆಯು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದುದೆಂಬ ತಮ್ಮದೇ ಸಿದ್ಧಾಂತಕ್ಕೆ ವಿರೋಧವಾಗಿ, ಕ್ರಿ. ಶ. ಹನ್ನೆರಡನೆಯ ಶತಮಾನದ ಕೃತಿಯೊಂದನ್ನು ಅವರು ಇಷ್ಟು ಹೊಗಳಿದುದು ಅವರ ಕಣ್ಣು ಅವರ ಸಿದ್ಧಾಂತಕ್ಕಿಂತ ಪ್ರಾಮಾಣಿಕವಾಗಿದ್ದಿತೆಂಬುದಕ್ಕೆ ಸಾಕ್ಷಿಯಾಗಿದೆ.

ಆದರೆ ಹೊಗಳಿಕೆಯೊಳಗೆ ಒಂದು ಹಂಚಿಕೆ ಅಡಗಿದೆ. ಬುದ್ಧಿಯು ಗ್ರೀಕರ ಪಾಲಿಗೆ, ಭಾವವು ಹಿಂದೂಗಳ ಪಾಲಿಗೆ. ಈ ಹಂಚಿಕೆಯನ್ನು ಒಪ್ಪಿದವನು ಹಳೇಬೀಡಿನಲ್ಲಿ ನಿಯಮವನ್ನು ಹುಡುಕುವುದಿಲ್ಲ, ಪಾರ್ಥೆನಾನಿನಲ್ಲಿ ಭಕ್ತಿಯನ್ನು ಹುಡುಕುವುದಿಲ್ಲ. ಪರೀಕ್ಷಿಸಬೇಕಾದುದು ಇದನ್ನೇ.

೩

ಪಾರ್ಥೆನಾನು ಕ್ರಿ. ಪೂ. ೪೪೭ರಿಂದ ೪೩೨ರವರೆಗೆ ಕಟ್ಟಲ್ಪಟ್ಟಿತು. ಇಕ್ಟಿನಸ್, ಕ್ಯಾಲಿಕ್ರಟೀಸ್ ಎಂಬುವರು ಸ್ಥಪತಿಗಳು. ಫಿಡಿಯಸನು ಶಿಲ್ಪಕಾರ್ಯದ ಅಧ್ಯಕ್ಷ. ಮುಂದೆ ಎಂಟು, ಪಕ್ಕದಲ್ಲಿ ಹದಿನೇಳು, ಸುತ್ತಲೂ ಒಟ್ಟು ೪೬ ಕಂಬಗಳು. ಅವು ನೋಟಕ್ಕೆ ಏಕರೂಪವಾಗಿರುವುದು ನಿಜ. ಅಳೆದು ನೋಡಿದರೆ ಆ ಏಕರೂಪತೆಯು ಕರಗಿಹೋಗುತ್ತದೆ. ಮೂಲೆಯ ಕಂಬಗಳು ಉಳಿದವುಗಳಿಗಿಂತ ಸುಮಾರು ೪ ಸೆಂಟಿಮೀಟರು ದಪ್ಪ. ಸುತ್ತಿನ ಕಂಬಗಳೆಲ್ಲವೂ ಸ್ವಲ್ಪ ಒಳಕ್ಕೆ ವಾಲಿವೆ. ಅವುಗಳ ಮೈಯು ನಡುವೆ ತುಸು ಉಬ್ಬಿದೆ. ಕಂಬಗಳು ನಿಂತ ನೆಲಗಟ್ಟು ಸಮತಲವಲ್ಲ. ಉದ್ದನೆಯ ಪಾರ್ಶ್ವದ ನಡುವೆ ಅದು ಸುಮಾರು ೧೧ ಸೆಂಟಿಮೀಟರಿನಷ್ಟು ಮೇಲೆದ್ದಿದೆ. ಈ ವಕ್ರತೆಗಳನ್ನು ಫ್ರಾನ್ಸಿಸ್ ಪೆನ್‌ರೋಸರು ಸೂಕ್ಷ್ಮವಾಗಿ ಅಳೆದು ೧೮೫೧ರಲ್ಲಿಯೇ, ಎಂದರೆ ಫರ್ಗುಸನ್ನರ ಗ್ರಂಥಕ್ಕೆ ೨೫ ವರ್ಷ ಮುಂಚೆ, ಪ್ರಕಟಿಸಿದ್ದರು.

ಇದೂ ಬುದ್ಧಿಯ ಕಾರ್ಯವೇ ಅಲ್ಲವೇ ಎಂದು ಆಕ್ಷೇಪಿಸಬಹುದು. ಅಹುದು, ಆದರೆ ಯಾವುದಕ್ಕಾಗಿ? ಬುದ್ಧಿಯೊಂದೇ ಪ್ರಯೋಜನವಾಗಿದ್ದರೆ ಸರಳರೇಖೆಯೇ ಸಾಕಾಗಿತ್ತು, ಅದೇ ಸುಲಭವೂ ಆಗಿತ್ತು. ರೇಖೆಯನ್ನು ಬಾಗಿಸಿದುದರಿಂದ ಕಲ್ಲಿಗೆ ಉಸಿರಾಡುವ ದೇಹದ ಭಾವವು ಬಂದಿತು. ಗಣಿತವು ಇಲ್ಲಿ ಕಣ್ಣಿನ ತೃಪ್ತಿಗೆ ಅಧೀನವಾಗಿದೆ.

ಇದಲ್ಲದೆ ಪಾರ್ಥೆನಾನು ಬರಿಯ ಬೆಳ್ಳಗಿನ ಕಂಬಗಳ ಕಟ್ಟಡವಾಗಿರಲಿಲ್ಲ. ಅದರ ಭಾಗಗಳಿಗೆ ಬಣ್ಣವಿದ್ದಿತು. ಹೊರಗೆ ೯೨ ಯುದ್ಧಫಲಕಗಳು. ಒಳಗೋಡೆಯ ಮೇಲ್ಭಾಗದಲ್ಲಿ ಸುಮಾರು ೧೬೦ ಮೀಟರು ಉದ್ದದ ಶಿಲ್ಪಪಟ್ಟಿ, ಅದರಲ್ಲಿ ಕುದುರೆಯ ಸವಾರರು, ಬಲಿಯ ಪಶುಗಳು, ದೇವತೆಗಳು. ಗರ್ಭದಲ್ಲಿ ದಂತ ಮತ್ತು ಸುವರ್ಣಗಳಿಂದ ಫಿಡಿಯಸನು ನಿರ್ಮಿಸಿದ ಅಥೀನಾ ದೇವಿಯ ಮಹಾಮೂರ್ತಿ. ಇಂದು ಆ ಮೂರ್ತಿಯಿಲ್ಲ. ೧೬೮೭ರಲ್ಲಿ ವೆನಿಸ್ಸಿನವರ ಮುತ್ತಿಗೆಯಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡವು ಒಡೆಯಿತು. ಎಲ್ಜಿನ್ ಪ್ರಭುವು ಕೀಳಿಸಿದ ಶಿಲ್ಪಗಳು ೧೮೧೬ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಶವಾದುವು. ಫರ್ಗುಸನ್ನರ ಕಾಲದವರು ಕಂಡ ಶುದ್ಧತೆಯಲ್ಲಿ ಒಂದು ಪಾಲು ಗ್ರೀಕರದು, ಒಂದು ಪಾಲು ನಾಶದ್ದು.

೪

ಇನ್ನು ಹಳೇಬೀಡು. ವಿಷ್ಣುವರ್ಧನನ ಕಾಲದಲ್ಲಿ ಕೇತಮಲ್ಲನ ಉದ್ಯಮದಿಂದ ಕ್ರಿ. ಶ. ೧೧೨೧ರ ಸುಮಾರಿಗೆ ಆರಂಭವಾದ ಈ ದೇವಾಲಯದಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಪೂರ್ವಾಭಿಮುಖ ಗರ್ಭಗೃಹಗಳಿವೆ. ಬಳಸಿದ ಕಲ್ಲು, ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಗುಣವುಳ್ಳದ್ದು. ಅಮೃತಶಿಲೆಯು ಅಂಚಿನ ನಿಖರತೆಯನ್ನು ಬೇಡಿದಂತೆ ಈ ಶಿಲೆಯು ಉಳಿಯ ಸೂಕ್ಷ್ಮಗತಿಯನ್ನು ಬೇಡುತ್ತದೆ. ಆದುದರಿಂದ ಎರಡು ಜನಾಂಗಗಳ ಮನೋಧರ್ಮವೆಂದು ಹೇಳಿದುದರಲ್ಲಿ ಒಂದಂಶವು ಎರಡು ಶಿಲೆಗಳ ಧರ್ಮವೇ ಆಗಿದೆ.

ಅಧಿಷ್ಠಾನದ ಪಟ್ಟಿಕೆಗಳನ್ನು ಕೆಳಗಿನಿಂದ ಕ್ರಮವಾಗಿ ಗಮನಿಸಬೇಕು: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣಕಥೆ, ಮಕರ, ಹಂಸ. ಭಾರವನ್ನು ಹೊರುವ ಪ್ರಾಣಿಯು ಕೆಳಗೆ. ಹಾರುವ ಪಕ್ಷಿಯು ಮೇಲೆ. ನಡುವೆ ಓಟವೂ ಕಥೆಯೂ. ಈ ಅನುಕ್ರಮವು ಆಕಸ್ಮಿಕವಲ್ಲ. ಭಾರವು ಹಂತಹಂತವಾಗಿ ಲಘುತ್ವಕ್ಕೆ ಏರುವ ಒಂದು ವಾಕ್ಯವಿದು. ಗೋಡೆಯು ಮೂಲೆಮೂಲೆಯಾಗಿ ಒಡೆದು ಒಳಹೊರಗೆ ಸರಿಯುವಾಗ, ಈ ಎಂಟು ಅಡ್ಡಗೆರೆಗಳು ಎಲ್ಲಿಯೂ ಕಡಿಯದೆ ಸುತ್ತಿಬಂದು ಕಟ್ಟಡವನ್ನು ಕಟ್ಟಿಹಿಡಿಯುತ್ತವೆ. ಅವನ್ನು ತೆಗೆದುಹಾಕಿದರೆ ಮೇಲಿನ ದೇವತಾಮೂರ್ತಿಗಳ ಸಾಲು ಚದರಿದಂತೆ ಕಂಡೀತು.

ಆನೆಗಳಲ್ಲಿ ಒಂದರಂತೆ ಒಂದಿಲ್ಲವೆಂಬುದು ಸತ್ಯ. ಆದರೆ ಪಟ್ಟಿಕೆಯ ಎತ್ತರವೂ ಗತಿಯೂ ಎಲ್ಲೆಡೆಯೂ ಒಂದೇ. ಸಾಹಿತ್ಯವನ್ನು ಬೋಧಿಸುವವರಿಗೆ ಇದು ಅಪರಿಚಿತವಲ್ಲ. ಮತ್ತೇಭವಿಕ್ರೀಡಿತದ ಪ್ರತಿ ಪಾದದಲ್ಲಿಯೂ ಇಪ್ಪತ್ತೇ ಅಕ್ಷರಗಳು, ಗುರುಲಘುಗಳ ಸ್ಥಾನವೂ ನಿಯತ. ಆದರೂ ಆ ವೃತ್ತದ ಸಾವಿರ ಪದ್ಯಗಳಲ್ಲಿ ಒಂದರಂತೆ ಮತ್ತೊಂದಿಲ್ಲ. ಪದಗಳು ಭಿನ್ನವಾಗಿವೆಯೆಂದು ಛಂದಸ್ಸೇ ಇಲ್ಲವೆನ್ನುವವನನ್ನು ಯಾರೂ ಕಾವ್ಯಜ್ಞನೆನ್ನಲಾರರು. ಪಾರ್ಥೆನಾನಿನಲ್ಲಿ ಸಾಮ್ಯವು ವ್ಯಕ್ತ, ವೈವಿಧ್ಯವು ಗೂಢ. ಹಳೇಬೀಡಿನಲ್ಲಿ ವೈವಿಧ್ಯವು ವ್ಯಕ್ತ, ಸಾಮ್ಯವು ಗೂಢ. ಭೇದವಿರುವುದು ಇಷ್ಟೇ; ಬುದ್ಧಿಯ ಇರವು ಇಲ್ಲದಿರವುಗಳಲ್ಲಿ ಅಲ್ಲ.

೫

ಎರಡು ಧ್ರುವಗಳೆಂಬ ಕಲ್ಪನೆಯನ್ನು ಮೂರನೆಯ ಒಂದು ಕಟ್ಟಡದಿಂದಲೂ ಪರೀಕ್ಷಿಸಬಹುದು. ಜಾವಾ ದ್ವೀಪದ ಬೊರೊಬುದೂರು ಶೈಲೇಂದ್ರರ ಕಾಲದಲ್ಲಿ, ಎಂಟು ಒಂಬತ್ತನೆಯ ಶತಮಾನಗಳಲ್ಲಿ, ನಿರ್ಮಿತವಾಯಿತು. ಕೆಳಗಿನ ಚೌಕಾಕಾರದ ಅಂತಸ್ತುಗಳಲ್ಲಿ ಗೋಡೆಗಳ ತುಂಬ ಕಥಾಶಿಲ್ಪ. ಹಡಗು, ಅರಮನೆ, ಮರ, ಜನಸಂದಣಿ. ಮೇಲೆ ಮೂರು ವರ್ತುಲಾಕಾರದ ಅಂತಸ್ತುಗಳಲ್ಲಿ ಕಥೆಯೇ ಇಲ್ಲ. ೩೨, ೨೪, ೧೬ ಎಂದು ೭೨ ಜಾಲರಿಯ ಸ್ತೂಪಗಳು, ನಡುವೆ ಒಂದು ಮಹಾಸ್ತೂಪ. ಯಾತ್ರಿಕನು ಸಮೃದ್ಧಿಯಿಂದ ಶೂನ್ಯದತ್ತ ಏರುತ್ತಾನೆ. ಫರ್ಗುಸನ್ನರು ಎರಡು ಧ್ರುವಗಳೆಂದುದು ಇಲ್ಲಿ ಒಂದೇ ಏಣಿಯ ಎರಡು ತುದಿಗಳಾಗಿವೆ. ಈ ಸ್ಮಾರಕವನ್ನು ಅವರು ಅದೇ ಗ್ರಂಥದಲ್ಲಿ ವರ್ಣಿಸಿದ್ದರೂ, ಅದು ತಮ್ಮ ವಿಭಾಗವನ್ನು ಮುರಿಯುವುದೆಂದು ಗಣಿಸಲಿಲ್ಲ.

೬

ಹಾಗಾದರೆ ಯಾವ ಪ್ರಮಾಣದಿಂದ ಅಳೆಯಬೇಕು? ಆನಂದವರ್ಧನನು ಅಲಂಕಾರಕ್ಕೆ ವಿಧಿಸಿದ ಅಪೃಥಗ್ಯತ್ನವೆಂಬ ನಿಯಮವು ಇಲ್ಲಿಯೂ ಸಲ್ಲುತ್ತದೆ. ರಸದಲ್ಲಿ ಮಗ್ನನಾದ ಕವಿಗೆ ಬೇರೊಂದು ಪ್ರಯತ್ನವಿಲ್ಲದೆ ಒದಗುವ ಅಲಂಕಾರವೇ ಅಲಂಕಾರ. ಹೊರಗಿನಿಂದ ತಂದು ಅಂಟಿಸಿದುದು ಭಾರ. ಈ ನಿಯಮಕ್ಕೆ ದೇಶಭೇದವಿಲ್ಲ. ಪಾರ್ಥೆನಾನಿನ ವಕ್ರರೇಖೆಯೂ ಹಳೇಬೀಡಿನ ಪಟ್ಟಿಕೆಯೂ ಕಟ್ಟಡದ ಅಂಗವೇ ಆಗಿರುವುದರಿಂದ ಪರೀಕ್ಷೆಯಲ್ಲಿ ಗೆಲ್ಲುತ್ತವೆ.

ಆದರೆ ಅದೇ ನಿಯಮವನ್ನು ಪಕ್ಷಪಾತವಿಲ್ಲದೆ ಅನ್ವಯಿಸಿದರೆ ಹಳೇಬೀಡಿನಲ್ಲಿ ಸೋಲುವ ಸ್ಥಾನಗಳೂ ಇವೆ. ಕೆಲವು ಭಿತ್ತಿಮೂರ್ತಿಗಳಲ್ಲಿ ಲತಾತೋರಣವು ಅತಿ ದಟ್ಟವಾಗಿ, ಆಭರಣವು ಅಂಗವನ್ನು ಮುಚ್ಚಿ, ಮೂರ್ತಿಯ ಭಂಗಿಯೇ ಮರೆಯಾಗುತ್ತದೆ. ಅಲ್ಲಿ ಶಿಲ್ಪಿಯ ಕೈಚಳಕವು ಕಾಣುತ್ತದೆ, ದೇವತೆಯು ಕಾಣುವುದಿಲ್ಲ. ಶಿಖರಗಳಿಲ್ಲದುದರಿಂದ ಕಟ್ಟಡದ ಸಮಗ್ರರೂಪವನ್ನು ನಿರ್ಣಯಿಸುವುದೂ ಸಾಧ್ಯವಿಲ್ಲ. ಸೋಮನಾಥಪುರದ ೧೨೫೮ರ ಕೇಶವಾಲಯದ ಶಿಖರಗಳನ್ನು ಕಂಡವರು ಮಾತ್ರ ಇಲ್ಲಿಯ ಕೊರತೆಯನ್ನು ಊಹಿಸಬಲ್ಲರು.

ಕನ್ನಡದ ಪಾಠಗಳಲ್ಲಿಯೂ ಭಾಷಣಗಳಲ್ಲಿಯೂ ಈ ದೇವಾಲಯವನ್ನು ಕಲ್ಲಿನಲ್ಲಿ ಬರೆದ ಕಾವ್ಯವೆಂದೂ ದಂತದ ಕೆತ್ತನೆಗೆ ಸಮಾನವೆಂದೂ ಕೊಂಡಾಡುವ ವಾಡಿಕೆಯುಂಟು. ಪರದೇಶದ ಪಂಡಿತನು ಭಾವವೆಂಬ ಬಿರುದನ್ನು ಕೊಟ್ಟನೆಂದು ಸಂತೋಷಪಡುವಾಗ, ಬುದ್ಧಿಯೆಂಬ ಬಿರುದನ್ನು ಕಳೆದುಕೊಂಡುದು ಅರಿವಿಗೆ ಬರಲಿಲ್ಲ. ಕಾವ್ಯವೆಂದು ಹೇಳಿದರೆ ಸಾಲದು. ಅದರ ಛಂದಸ್ಸು ಯಾವುದು, ಯತಿ ಎಲ್ಲಿದೆ, ದೋಷ ಯಾವುದು ಎಂಬುದನ್ನೂ ತೋರಿಸಬೇಕು. ವಿದ್ಯಾರ್ಥಿಗಳನ್ನು ಆ ಜಗತಿಯ ಮೇಲೆ ಕರೆದೊಯ್ಯುವ ಉಪಾಧ್ಯಾಯರು ಆನೆಗಳ ಲೆಕ್ಕವನ್ನು ಹೇಳುವುದಕ್ಕೆ ಮೊದಲು ಆನೆಯು ಕೆಳಗೂ ಹಂಸವು ಮೇಲೂ ಇರುವುದೇಕೆಂದು ಕೇಳಿದರೆ, ಫರ್ಗುಸನ್ನರು ಆರಂಭಿಸಿದ ವಿಮರ್ಶೆಯು ಅವರು ನಿಲ್ಲಿಸಿದ ಸ್ಥಳದಿಂದ ಮುಂದಕ್ಕೆ ನಡೆಯುತ್ತದೆ.