ತಂತ್ರಾಂಶ ಭಂಡಾರಗಳ ಶೋಧನೆಯೂ ಪ್ರಾಮಾಣ್ಯವೂ

ತಂತ್ರಾಂಶವನ್ನು ರಚಿಸುವವರು ತಾವು ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ಕಾಲ, ಕರ್ತೃ, ಕಾರಣಗಳೊಡನೆ ಭಂಡಾರದಲ್ಲಿ ದಾಖಲಿಸಿಡುವರು. ಈ ದಾಖಲೆಗಳನ್ನು ಶೋಧಿಸಿ, ದೋಷಗಳು ಎಂತು ಹುಟ್ಟುವುವು, ರಚನೆಯು ಎಂತು ಬೆಳೆಯುವುದು ಎಂಬುದನ್ನು ನಿರ್ಣಯಿಸುವ ಶಾಸ್ತ್ರದ ಮೊದಲ ವಿದ್ವದ್ಗೋಷ್ಠಿ 2004ರಲ್ಲಿ ಎಡಿನ್‌ಬರೋ ನಗರದಲ್ಲಿ ನೆರೆಯಿತು. 2005ರಲ್ಲಿ ಗಿಟ್ ಎಂಬ ಸಾಧನವೂ 2008ರಲ್ಲಿ ಗಿಟ್‌ಹಬ್ ಎಂಬ ಭಂಡಾರವೂ ಹುಟ್ಟಿದ ಮೇಲೆ ಶೋಧಕರಿಗೆ ಸಾಮಗ್ರಿಯು ಸಮುದ್ರೋಪಾದಿಯಲ್ಲಿ ಒದಗಿತು. ಸಾಮಗ್ರಿಯೊಡನೆ ಪ್ರಾಮಾಣ್ಯವೂ ಹೆಚ್ಚಿತೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ದೋಷವನ್ನು ತಿದ್ದಿದ ಪಂಕ್ತಿಗಳಿಂದ ಹಿಮ್ಮುಖವಾಗಿ ನಡೆದು, ಅವನ್ನು ಹಿಂದೆ ಬರೆದ ಬದಲಾವಣೆಯೇ ದೋಷಮೂಲವೆಂದು ಊಹಿಸುವ ಕ್ರಮವೊಂದು 2005ರಲ್ಲಿ ಪ್ರತಿಪಾದಿತವಾಯಿತು. ಅದು ಸುಲಭವೂ ಬಹುಫಲದಾಯಕವೂ ಆದುದು ದಿಟ. ಆದರೆ ಬರೆಯದೆ ಬಿಟ್ಟುದೇ ದೋಷವಾದಲ್ಲಿ ಆ ಕ್ರಮವು ಮೂಕವಾಗುವುದು. ಅಲ್ಲದೆ, 'ದೋಷ'ವೆಂಬ ಹಣೆಪಟ್ಟಿಯೇ ಎಷ್ಟುಮಟ್ಟಿಗೆ ನಂಬತಕ್ಕುದು? 2013ರಲ್ಲಿ ಹೆರ್ಜಿಗ್, ಜುಸ್ಟ್, ಜೆಲ್ಲರ್ ಎಂಬ ವಿದ್ವಾಂಸರು ಐದು ತಂತ್ರಾಂಶಗಳ 7,000ಕ್ಕೂ ಮಿಕ್ಕ ವರದಿಗಳನ್ನು ಒಂದೊಂದಾಗಿ ಓದಿ ನೋಡಲಾಗಿ, ದೋಷವರದಿಗಳೆನಿಸಿದವುಗಳಲ್ಲಿ ಶೇಕಡ 33.8 ಅಂಥವಲ್ಲವೆಂದು ಕಂಡುಬಂದಿತು.

ಇನ್ನೊಂದು ನಿದರ್ಶನ. 729 ಯೋಜನೆಗಳನ್ನೂ 17 ಭಾಷೆಗಳನ್ನೂ ಪರಿಶೀಲಿಸಿದ 2014ರ ಪ್ರಬಂಧವೊಂದು, ಕ್ರಮವಿಧಿಯ ಭಾಷೆಗೂ ದೋಷಗಳಿಗೂ 11 ಭಾಷೆಗಳಲ್ಲಿ ಸಂಬಂಧವುಂಟೆಂದು ಸಾರಿತು. 2019ರ ಪುನಃಪರೀಕ್ಷೆಯಲ್ಲಿ ಉಳಿದುವು ನಾಲ್ಕೇ. ಅವುಗಳ ಪರಿಣಾಮವೂ ಅತ್ಯಲ್ಪ. ಟೈಪ್‌ಸ್ಕ್ರಿಪ್ಟ್ ಭಾಷೆಯವೆಂದು ಎಣಿಸಿದ ಕಡತಗಳಲ್ಲಿ ಹಲವು ವಾಸ್ತವವಾಗಿ ಅನುವಾದದ ಪಟ್ಟಿಗಳು! ಹೆಸರಿನ ಕೊನೆಯ ಅಕ್ಷರಗಳ ಸಾಮ್ಯವೇ ಈ ರಜ್ಜುಸರ್ಪಭ್ರಾಂತಿಗೆ ಕಾರಣ. ಓಲೆಯ ಮೇಲುಹೆಸರನ್ನು ನೋಡಿ ಒಳಗಣ ಗ್ರಂಥವನ್ನು ನಿರ್ಣಯಿಸಲಾಗದೆಂಬುದು ಗ್ರಂಥಸಂಪಾದಕರಿಗೆ ಹೊಸ ಮಾತಲ್ಲ.

ಮುಂದಣ ದಾರಿಯು ಇನ್ನೂ ವಿಷಮವಾದುದು. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ತೋರಿದಂದಿನಿಂದ ಯಂತ್ರವೇ ಪಂಕ್ತಿಗಳನ್ನು ರಚಿಸಿಕೊಡುತ್ತಿದೆ. ದಾಖಲೆಯಲ್ಲಾದರೋ ಹಲವೆಡೆ ಮನುಷ್ಯನ ಹೆಸರೇ ಇರುವುದು. ಕರ್ತೃತ್ವವೇ ಸಂದಿಗ್ಧವಾದಾಗ, ರಚನಕಾರರ ಅನುಭವ, ಶ್ರಮ, ಅಭ್ಯಾಸಗಳನ್ನು ಕುರಿತ ಅನುಮಾನಗಳಿಗೆ ಹೇತುವೆಲ್ಲಿ? ಮೂಲಪಾಠಗಳನ್ನು ಚಿರಕಾಲ ಕಾಪಾಡಲೆಂದು 2016ರಲ್ಲಿ ಪ್ರಕಟವಾದ 'ಸಾಫ್ಟ್‌ವೇರ್ ಹೆರಿಟೇಜ್' ಸಂಗ್ರಹವು ಪುನಃಪರೀಕ್ಷೆಗೆ ಆಧಾರವನ್ನು ಒದಗಿಸುವುದೇನೋ ಸರಿ. ಆದರೆ ಪಾಠವನ್ನು ರಕ್ಷಿಸುವುದು ಬೇರೆ, ಅರ್ಥವನ್ನು ನಿರ್ಣಯಿಸುವುದು ಬೇರೆ. ದಾಖಲೆಯು ಘಟನೆಯಲ್ಲ, ಘಟನೆಯ ಸಾಕ್ಷಿಮಾತ್ರ. ಸಾಕ್ಷಿಯನ್ನು ಎಣಿಸುವುದಕ್ಕೆ ಮುನ್ನ ಪರೀಕ್ಷಿಸುವ ಕ್ರಮವು ನೆಲೆಗೊಂಡಲ್ಲದೆ ಈ ಶಾಸ್ತ್ರದ ಸಿದ್ಧಾಂತಗಳು ಸ್ಥಿರವಾಗಲಾರವು.