ಗುಂಡಿ ಅದೇ, ಸಸಿ ಮಾತ್ರ ಹೊಸದು

ಪಂಚಾಯಿತಿ ಸಭಾಂಗಣದಲ್ಲಿ ಜಮಖಾನ ಹಾಸಿತ್ತು. ಗೋಡೆಯ ಮೇಲೆ ‘ಮಕ್ಕಳ ಗ್ರಾಮಸಭೆ’ ಎಂಬ ಬ್ಯಾನರ್. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು ಮುಗಿಯುವಷ್ಟರಲ್ಲಿ ಗಂಟೆ ಕಳೆದಿತ್ತು. ಮಕ್ಕಳ ಕೈಗೆ ಮೈಕು ಬಂದಾಗ ಊಟದ ಹೊತ್ತು. ಹೆಚ್ಚಿನವರು ಚೀಟಿ ನೋಡಿ ಓದಿದರು. ಏಳನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಚೀಟಿ ಮಡಿಚಿ ಮುಷ್ಟಿಯಲ್ಲಿಟ್ಟುಕೊಂಡು, “ಸಾರ್, ಹೋದ ವರ್ಷ ನೀವೇ ಬಂದು ಸಸಿ ನೆಟ್ರಿ. ನೀರು ಹಾಕಕ್ಕೆ ನಲ್ಲಿ ಕೊಡಿ ಅಂತ ಆವಾಗ್ಲೇ ಕೇಳಿದ್ವಿ. ಸಸಿ ಒಣಗೋಯ್ತು. ಈ ವರ್ಷ ಅದೇ ಗುಂಡೀಲಿ ಇನ್ನೊಂದು ನೆಟ್ಟಿದೀವಿ. ನಲ್ಲಿ ಯಾವಾಗ ಸಾರ್?” ಅಂದಳು. ಸಭೆ ನಕ್ಕಿತು. ಪಿಡಿಒ ಬರೆದುಕೊಂಡರು. ಅಧ್ಯಕ್ಷರು ‘ಪರಿಶೀಲಿಸೋಣ’ ಅಂದರು. ಅವಳ ಮೇಷ್ಟ್ರ ಮುಖ ಸಣ್ಣದಾಗಿತ್ತು.

ನಮ್ಮ ಶಾಲೆಗಳ ಪರಿಸರ ಪಾಠ, ಪೌರನೀತಿ ಪಾಠ ಎರಡನ್ನೂ ತೂಗಿ ನೋಡಲು ಆ ಒಂದು ಪ್ರಶ್ನೆ ಸಾಕು. ಪರಿಸರದ ಪಾಠ ಅವಳಿಗೆ ಸಸಿ ನೆಡಲು ಹೇಳಿಕೊಟ್ಟಿತು, ನಲ್ಲಿ ಕೇಳಲು ಹೇಳಿಕೊಡಲಿಲ್ಲ. ಪೌರನೀತಿ ಪಾಠ ಗ್ರಾಮ ಪಂಚಾಯಿತಿಯ ರಚನೆ ಕಲಿಸಿತು, ನಲ್ಲಿಗೂ ಅದಕ್ಕೂ ಇರುವ ಸಂಬಂಧ ಹೇಳಲಿಲ್ಲ. ಎರಡನ್ನೂ ಗಂಟು ಹಾಕಿದವಳು ಅವಳೇ.

ಇಕೋ ಕ್ಲಬ್‌ಗಳ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದಿತು. 2001ರಲ್ಲಿ ಶುರುವಾದ ರಾಷ್ಟ್ರೀಯ ಹಸಿರು ಪಡೆ ಯೋಜನೆ ದೇಶದ ಉದ್ದಗಲದ ಶಾಲೆಗಳಿಗೆ ಇಕೋ ಕ್ಲಬ್ ತಂದಿತು. ಜೂನ್ 5ಕ್ಕೆ ಸಸಿ, ಜಾಥಾ, ಪ್ರಬಂಧ ಸ್ಪರ್ಧೆ. ಆಮೇಲೆ ಶ್ರಮದಾನ, ಅಂದರೆ ಕಸ ಹೆಕ್ಕುವುದು. ಇವೆಲ್ಲ ಒಳ್ಳೆಯವೇ. ಆದರೆ ಊರಾಚೆಯ ಶಾಲೆಯ ಹಿಂಬದಿಗೆ ಪಂಚಾಯಿತಿಯ ‘ಸ್ವಚ್ಛ ವಾಹಿನಿ’ ಗಾಡಿಯೇ ಬಂದು ಕಸ ಸುರಿದರೆ, ಹೆಕ್ಕುವ ಮಕ್ಕಳಿಗೆ ಚಾಲಕನನ್ನು ತಡೆದು ಕೇಳುವ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ‘ಪರಿಸರ ಮಾಲಿನ್ಯ ತಡೆಗಟ್ಟಲು ನಾಲ್ಕು ಕ್ರಮಗಳನ್ನು ತಿಳಿಸಿ’ ಎಂಬ ಪ್ರಶ್ನೆಗೆ ‘ಪಂಚಾಯಿತಿಗೆ ಅರ್ಜಿ ಕೊಡುವುದು’ ಎಂದು ಬರೆದ ಮಗುವಿಗೆ ಎಷ್ಟು ಅಂಕ ಬೀಳುತ್ತದೆ ಎಂಬ ಕುತೂಹಲ ನನಗಿದೆ.

ಸಂವಿಧಾನ ಹೀಗೆ ಒಬ್ಬರ ತಲೆಯ ಮೇಲೇ ಎಲ್ಲವನ್ನೂ ಹೊರಿಸಿಲ್ಲ. 1976ರ 42ನೇ ತಿದ್ದುಪಡಿ ಎರಡು ವಿಧಿಗಳನ್ನು ಒಟ್ಟಿಗೇ ತಂದಿತು. 48ಎ ಪ್ರಕಾರ ಪರಿಸರ ಕಾಪಾಡಲು ಸರ್ಕಾರ ಶ್ರಮಿಸಬೇಕು. 51ಎ ಪ್ರಕಾರ ಅದು ನಾಗರಿಕರ ಕರ್ತವ್ಯವೂ ಹೌದು. ಶಾಲೆಯಲ್ಲಿ ಮಕ್ಕಳ ಬಾಯಿಪಾಠಕ್ಕೆ ಬರುವುದು ಎರಡನೆಯದು. ಮೊದಲನೆಯದು ರಾಜ್ಯನೀತಿಯ ನಿರ್ದೇಶಕ ತತ್ವಗಳ ರಾಶಿಯಲ್ಲಿ ಕಳೆದುಹೋಗುತ್ತದೆ. ಹೀಗಾಗಿ ಮಗು ಮೂಲಭೂತ ಕರ್ತವ್ಯ ಹೇಳುತ್ತಾ ಬೆಳೆಯುತ್ತದೆ, ಎದುರಿನವರ ಕರ್ತವ್ಯ ಕೇಳುವುದು ಉದ್ಧಟತನ ಅನ್ನಿಸಿಕೊಳ್ಳುತ್ತದೆ.

ಮಕ್ಕಳ ಗ್ರಾಮಸಭೆ ಈ ಕೊರತೆ ತುಂಬಬಲ್ಲದು. ಅದು ಕಚೇರಿಯ ಮೇಜಿನ ಮೇಲೆ ಹುಟ್ಟಿದ ಕಲ್ಪನೆಯೂ ಅಲ್ಲ. 1990ರ ದಶಕದಲ್ಲಿ ಕುಂದಾಪುರ ಸೀಮೆಯ ಕೆರಾಡಿಯಂಥ ಹಳ್ಳಿಗಳಲ್ಲಿ, ದುಡಿಯುವ ಮಕ್ಕಳ ‘ಭೀಮ ಸಂಘ’ ಮತ್ತು ಅದರ ಬೆನ್ನಿಗಿದ್ದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಸೇರಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವು. ಚುನಾವಣೆ ಇತ್ತು. ಶಾಲೆಗೆ ಹೋಗದೆ ದುಡಿಯುವ ಮಕ್ಕಳಿಗೂ ಅದರಲ್ಲಿ ಜಾಗವಿತ್ತು. ಊರಿನ ದೊಡ್ಡವರೊಬ್ಬರನ್ನು ‘ಮಕ್ಕಳ ಮಿತ್ರ’ರಾಗಿ ಮಕ್ಕಳೇ ಆರಿಸಿಕೊಳ್ಳುತ್ತಿದ್ದರು. ಮುಂದೆ ಅಲ್ಲಿನ ಪಂಚಾಯಿತಿಗಳು ಪಂಚವಾರ್ಷಿಕ ಯೋಜನೆ ಮಾಡುವಾಗ ಮಕ್ಕಳು ತಾವೇ ಮಾಹಿತಿ ಕಲೆಹಾಕಿ, ನಕ್ಷೆ ಬರೆದು, ತಮ್ಮ ಬೇಡಿಕೆ ಮುಂದಿಟ್ಟರು. ಅವುಗಳಲ್ಲಿ ಕಾಲುಸಂಕವೂ ಇತ್ತು.

ಕಾಲುಸಂಕ ಎಂದರೆ ಬಯಲುಸೀಮೆಯವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಅಡಿಕೆ ಮರದ ದಿಮ್ಮಿ ಅಥವಾ ಹಲಗೆ. ಆಷಾಢದಲ್ಲಿ ಅದರ ಮೇಲೆ ಪಾಚಿ, ಕೆಳಗೆ ಕೆಂಪು ನೀರು, ಆಚೆ ದಡದಲ್ಲಿ ಶಾಲೆ. ಲೋಕೋಪಯೋಗಿ ಇಲಾಖೆಯ ನಕ್ಷೆಯಲ್ಲಿ ಅದು ಕಾಣುವುದಿಲ್ಲ. ದಿನಕ್ಕೆರಡು ಸಲ ದಾಟುವ ಮಕ್ಕಳ ನಕ್ಷೆಯಲ್ಲಿ ಮೊದಲು ಕಾಣುವುದೇ ಅದು. ಮಕ್ಕಳನ್ನು ಕೇಳುವುದರಿಂದ ಏನು ಬರುತ್ತದೆ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಆ ಕರಾವಳಿಯಲ್ಲೇ 2022ರ ಮಳೆಗಾಲದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ಕೊಚ್ಚಿಹೋದಳು ಎಂಬುದನ್ನೂ ಇಲ್ಲೇ ಹೇಳಬೇಕು. ಕೇಳಿಸಿಕೊಂಡದ್ದಕ್ಕೂ ಕಟ್ಟಿದ್ದಕ್ಕೂ ನಡುವೆ ಬಿಟ್ಟ ಜಾಗ ಅಷ್ಟು ದೊಡ್ಡದು.

2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಆಚರಣೆ ಹರಡಿತು, ಜೀವ ಸ್ವಲ್ಪ ತೆಳುವಾಯಿತು. ಕುಂದಾಪುರದಲ್ಲಿ ಮಕ್ಕಳು ಸಭೆಗೆ ಬರುವ ಮುಂಚೆ ತಿಂಗಳುಗಟ್ಟಲೆ ಊರು ಅಳೆದಿದ್ದರು. ಈಗ ಹಿಂದಿನ ದಿನ ಮುಖ್ಯ ಶಿಕ್ಷಕರಿಗೆ ವಾಟ್ಸ್ಆ್ಯಪ್ ಬರುತ್ತದೆ, ‘ಹತ್ತು ಮಕ್ಕಳನ್ನು ಕಳಿಸಿ’. ಪ್ರಶ್ನೆಗಳು ಚೀಟಿಗೆ ಇಳಿಯುವ ಮುಂಚೆ ಸೋಸಲ್ಪಡುತ್ತವೆ. ಇದರಲ್ಲಿ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಶಾಲೆಯ ಕಾಂಪೌಂಡು, ಶೌಚಾಲಯ, ಆಟದ ಮೈದಾನಕ್ಕೆ ಹಣ ಬರಬೇಕಾದದ್ದು ಅದೇ ಪಂಚಾಯಿತಿಯಿಂದ; ಅಧ್ಯಕ್ಷರ ಮುಖ ಕೆಡಿಸಿಕೊಂಡು ಅವರು ಬದುಕುವುದು ಕಷ್ಟ. ಅಷ್ಟಾದರೂ ಇಂಥ ಸಭೆಗಳಿಂದಲೇ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಶೌಚಾಲಯ ಬಂದಿವೆ. ಶಾಲಾ ಸಂಸತ್ತಿನಲ್ಲಿ ‘ಆರೋಗ್ಯ ಮಂತ್ರಿ’ಯಾಗಿ ಉಗುರು ಪರೀಕ್ಷಿಸುವುದಕ್ಕಿಂತ ಇದು ಎಷ್ಟೋ ಮೇಲು.

ಈ ಸಭೆಯ ನಿಜವಾದ ಪಾಠ ಅನುಪಾಲನಾ ವರದಿಯಲ್ಲಿದೆ. ಹೋದ ವರ್ಷ ಏನು ಕೇಳಿದಿರಿ, ಏನಾಯಿತು, ಆಗದಿದ್ದರೆ ಯಾಕೆ ಎಂದು ಪಿಡಿಒ ಎದ್ದು ನಿಂತು ಮಕ್ಕಳಿಗೆ ಓದಿ ಹೇಳುವ ಹತ್ತು ನಿಮಿಷ. ‘ಅನುದಾನ ಬಂದಿಲ್ಲ’ ಎಂದರೂ ಸರಿ, ಅದೂ ಒಂದು ಉತ್ತರವೇ. ನಾನು ಕುಳಿತಿದ್ದ ಸಭೆಯಲ್ಲಿ ಆ ವರದಿ ಓದಲಿಲ್ಲ. ಓದಿದ್ದರೆ ಆ ಹುಡುಗಿ ನಲ್ಲಿಯ ವಿಷಯವನ್ನು ಮತ್ತೆ ಎತ್ತಬೇಕಾಗಿರಲಿಲ್ಲ. ಉತ್ತರ ಬಾರದ ಪ್ರಶ್ನೆಯನ್ನು ವರ್ಷವರ್ಷ ಕೇಳಿಸುವುದು ಪೌರತ್ವ ಶಿಕ್ಷಣವಲ್ಲ. ಪೌರತ್ವದ ಬಗ್ಗೆ ಬೇಸರ ಹುಟ್ಟಿಸುವ ತರಬೇತಿ.

ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ನಿಮ್ಮೂರಿನ ಪಂಚಾಯಿತಿಯಲ್ಲೂ ಈ ಸಭೆ ಇರುತ್ತದೆ. ಹೋಗಿ ಹಿಂದೆ ಕುಳಿತುಕೊಳ್ಳಿ. ಹಾರ, ಶಾಲು ಮುಗಿಯಲಿ. ಆಮೇಲೆ, ಮಕ್ಕಳ ಕೈಗೆ ಮೈಕು ಹೋಗುವ ಮುಂಚೆ, ಹಿಂದಿನ ವರ್ಷದ ನಡಾವಳಿ ಪುಸ್ತಕ ತರಿಸಿ ಓದಿಸಿ ಎಂದು ಕೇಳಿ.