ಚೂಪು ಕಮಾನು: ಅಲಂಕಾರವೆ, ಲೆಕ್ಕವೆ?

ಕಣಕಟ್ಟೆ, ಅರಸೀಕೆರೆ ಕಡೆಯ ಶಾಲೆಗಳಿಂದ ಪ್ರವಾಸ ಹೊರಟವರು ಬೇಲೂರು, ಹಳೇಬೀಡು ನೋಡಿ ಮರಳುವುದು ರೂಢಿ. ಅದೇ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚನ್ನೂ ಪಟ್ಟಿಗೆ ಸೇರಿಸಿ ನೋಡಿ. ಸ್ಥಿತಿಶಾಸ್ತ್ರದ ಒಂದು ಪಾಠ ಆಗ ಪೂರ್ಣವಾಗುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಪ್ಯಾರಿಸ್ ಬಳಿಯ ಸೈಂಟ್ ದೆನಿ ಚರ್ಚಿನಲ್ಲಿ ಗೋಥಿಕ್ ಶೈಲಿ ರೂಪುಗೊಂಡದ್ದು 1140-44ರಲ್ಲಿ. ಎರಡೂ ಕಡೆಯ ಶಿಲ್ಪಿಗಳ ಸಮಸ್ಯೆ ಒಂದೇ: ಕಲ್ಲು ಅದುಮಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ತೊಲೆ ಬಾಗಿದಾಗ ಅದರ ತಳಭಾಗ ಎಳೆತಕ್ಕೆ ಒಳಗಾಗುತ್ತದೆ. ಆದ್ದರಿಂದ ಹೊಯ್ಸಳ ಶಿಲ್ಪಿಗಳು ತೊಲೆಗಳನ್ನು ಗಿಡ್ಡವಾಗಿಸಿ ಕಂಬಗಳನ್ನು ಒತ್ತಾಗಿ ನಿಲ್ಲಿಸಿದರು. ಗೋಥಿಕ್ ಶಿಲ್ಪಿಗಳು ಚೂಪು ಕಮಾನನ್ನು ನೆಚ್ಚಿದರು.

ಕಮಾನು ಎಳೆತವನ್ನು ತಪ್ಪಿಸುತ್ತದೆ. ಆದರೆ ಬುಡದಲ್ಲಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಭಾರ ಅಗಲದುದ್ದಕ್ಕೂ ಸಮನಾಗಿ ಹಂಚಿದೆ ಎಂದುಕೊಂಡರೆ, ಸ್ಥೂಲವಾಗಿ,

ತಳ್ಳುವ ಬಲ = (ಒಟ್ಟು ಭಾರ × ಅಗಲ) ÷ (8 × ಎತ್ತರ)

ಅರ್ಧವೃತ್ತದ ಕಮಾನಿನಲ್ಲಿ ಎತ್ತರ ಅಗಲದ ಅರ್ಧ; ಬಲ ಭಾರದ ನಾಲ್ಕನೆಯ ಒಂದು ಭಾಗ. ಸಮಭುಜ ತ್ರಿಕೋನದ ಮೇಲೆ ರಚಿಸಿದ ಚೂಪು ಕಮಾನಿನಲ್ಲಿ ಎತ್ತರ ಅಗಲದ 0.87ರಷ್ಟು, ಬಲ ಸುಮಾರು ಏಳನೆಯ ಒಂದು ಭಾಗ. ಚೂಪು ಬಂದದ್ದು ಅಂದಕ್ಕಾಗಿ ಮಾತ್ರವಲ್ಲ. ಉಳಿದ ಬಲವನ್ನು ಹೊರಗಿನ ಆಸರೆಗೋಡೆಗಳು ನೆಲಕ್ಕಿಳಿಸುತ್ತವೆ. ಈ ಸಮತೋಲ ಸೂಕ್ಷ್ಮವಾದದ್ದು: ಫ್ರಾನ್ಸಿನ ಬೋವೆಯಲ್ಲಿ ಸುಮಾರು 48 ಮೀಟರ್ ಎತ್ತರಕ್ಕೆ ಕಟ್ಟಿದ ಕಮಾನು ಚಾವಣಿಯ ಒಂದು ಭಾಗ 1284ರಲ್ಲಿ ಕುಸಿಯಿತು.

ಈಗ ಶೆಟ್ಟಿಹಳ್ಳಿಗೆ ಬನ್ನಿ. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಈ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿದೆ. ಚಾವಣಿ ಇಲ್ಲ. ಅದು ಇಷ್ಟು ಕಾಲ ನಿಂತದ್ದೇಕೆ ಎಂದರೆ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ ಎಂಬ ಉತ್ತರ ಸಿಗುತ್ತದೆ. ಈ ವಿವರಣೆ ಸಾಲದು. ಗಾರೆಯ ಎಳೆತದ ಬಲ ಎಂದೂ ಅಲ್ಪವೇ. ಕಮಾನನ್ನು ನಿಲ್ಲಿಸಿರುವುದು ಅದರ ಆಕಾರ ಮತ್ತು ಗೋಡೆಯ ತೂಕ.

ಅಪಾಯವೂ ಅಲ್ಲಿಯೇ ಇದೆ. ಮುಳುಗಿದ ಗೋಡೆಗೆ ಆರ್ಕಿಮಿಡೀಸ್ ತತ್ತ್ವ ಅನ್ವಯಿಸುತ್ತದೆ: ಇಟ್ಟಿಗೆ ಕಟ್ಟಡದ ಸಾಂದ್ರತೆ ನೀರಿನ ಎರಡರಷ್ಟೆಂದು ಹಿಡಿದರೆ, ನೀರಿನೊಳಗಿನ ಭಾಗದ ಪರಿಣಾಮಕಾರಿ ತೂಕ ಅರ್ಧಕ್ಕಿಳಿಯುತ್ತದೆ. ಹೊರತಳ್ಳುವಿಕೆಯನ್ನು ತಡೆಯಬೇಕಾದ ಗೋಡೆಯೇ ಹಗುರವಾಗುತ್ತದೆ. ಮೇಲಾಗಿ ವರ್ಷವರ್ಷವೂ ನೆನೆದು ಒಣಗಿ ಗಾರೆ ಸವೆಯುತ್ತದೆ. ಸಾಲಿನ ಒಂದು ಕಮಾನು ಬಿದ್ದರೆ ಪಕ್ಕದ ಕಮಾನಿಗೆ ಎದುರೊತ್ತು ಇಲ್ಲವಾಗುತ್ತದೆ. ಈಚಿನ ಮಳೆಗಾಲಗಳಲ್ಲಿ ಕೆಲವು ಭಾಗಗಳು ಕುಸಿದಿರುವುದನ್ನು ಈ ಹಿನ್ನೆಲೆಯಲ್ಲಿ ಗಮನಿಸಿ. ಉಳಿಸಬೇಕೆಂದರೆ ಬಣ್ಣ, ಗಿಲಾವಿಗಿಂತ ಮೊದಲು ಬೇಕಾದದ್ದು ಆಸರೆ.

ಇಂದಿನ ಕಲ್ಯಾಣ ಮಂಟಪಗಳ ಮುಂಭಾಗದಲ್ಲೂ ಚೂಪು ಕಮಾನುಗಳಿವೆ. ಅವುಗಳಲ್ಲಿ ಬಹುಪಾಲು ಕಾಂಕ್ರೀಟ್ ತೊಲೆಗೆ ಅಂಟಿಸಿದ ತೋರಿಕೆ. ಎಳೆತವನ್ನು ತಾಳುವುದು ಒಳಗಿನ ಉಕ್ಕು. ಕಮಾನಿಗೆ ಕೆಲಸವೇ ಇಲ್ಲ. ಗೋಥಿಕ್‌ನಿಂದ ಸ್ಫೂರ್ತಿ ಪಡೆಯುವುದು ತಪ್ಪಲ್ಲ. ಆದರೆ ನಕಲು ಮಾಡಬೇಕಾದದ್ದು ಆಕೃತಿಯನ್ನಲ್ಲ, ಬಲದ ಹಾದಿಯನ್ನು ಕಾಣುವಂತೆ ಕಟ್ಟುವ ಪ್ರಾಮಾಣಿಕತೆಯನ್ನು.

ತರಗತಿಯಲ್ಲಿ ಒಂದು ಸರಪಣಿಯನ್ನು ಎರಡು ಮೊಳೆಗಳಿಗೆ ತೂಗುಬಿಡಿ. ಅದರ ಆಕಾರವನ್ನು ಕಾಗದದ ಮೇಲೆ ಬರೆದುಕೊಂಡು ತಲೆಕೆಳಗು ಮಾಡಿ. ಕೇವಲ ಅದುಮುವ ಬಲದಿಂದ ನಿಲ್ಲುವ ಕಮಾನಿನ ರೇಖೆ ಅದು. ರಾಬರ್ಟ್ ಹುಕ್ 1675ರಲ್ಲಿ ಪ್ರಕಟಿಸಿದ ವಿಚಾರ. ಬಳಿಕ ನಿಮ್ಮೂರಿನ ಮಂಟಪದ ಕಮಾನನ್ನು ಇದರೊಡನೆ ಹೋಲಿಸಲು ಮಕ್ಕಳಿಗೆ ಹೇಳಿ. ವಿಮರ್ಶೆಯನ್ನು ಅವರೇ ಬರೆಯುತ್ತಾರೆ.